ಶೈಲಜಾ ಅಳೆದ ಉಪ್ಪು

ಬೆಳಕು ಹರಿಯುವ ಮೊದಲು ಶೈಲಜಾ ಮುಗಿಸಿದ ಕೆಲಸಗಳು: ತಲೆಸ್ನಾನ, ದೇವರ ಮುಂದೆ ರಂಗೋಲಿ, ಸತ್ಯನಾರಾಯಣನ ಸಪಾದಕ್ಕೆ ರವೆ ಹುರಿದದ್ದು, ಇಪ್ಪತ್ತೆರಡು ಜನರ ಸಾರಿಗೆ ಬೇಳೆ ಬೇಯಿಸಿದ್ದು, ಎರಡು ತೆಂಗಿನಕಾಯಿ ತುರಿದದ್ದು, ಡಿಶ್‌ವಾಷರ್ ಖಾಲಿ ಮಾಡಿದ್ದು, ಅತ್ತೆಯ ಬಿ.ಪಿ. ಮಾತ್ರೆ ತೆಗೆದಿಟ್ಟದ್ದು, ಗಂಡನ ಪಂಚೆಗೆ ಇಸ್ತ್ರಿ.

ಗಂಡ ಕೃಷ್ಣಪ್ರಸಾದ ತನ್ನ ಪಾಲಿನ ಕೆಲಸವನ್ನು ಎರಡು ದಿನ ಮೊದಲೇ ಮುಗಿಸಿದ್ದ. ಅವರಿದ್ದ ಪರದೇಶದ ಊರು ರೆಸ್ಟನ್ನಿನಲ್ಲಿ ಹಿಮ ಬಿದ್ದ ಬೆಳಿಗ್ಗೆ, ಅದು ಕರಗಿ ಪೂಜೆಗೆ ಬರುವವರು ಜಾರದಿರಲೆಂದು, ಡ್ರೈವ್‌ವೇಗೂ ಮುಂದಿನ ರಸ್ತೆಗೂ ನಾಲ್ಕು ಚೀಲ ಕಲ್ಲುಪ್ಪು ಎರಚಿದ್ದ. ಒಂದು ಕಾಫಿ ಮಗ್ ತುಂಬ ಉಪ್ಪು ಸಾಕೆಂದು ಶೈಲಜಾ ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಬಡಾವಣೆಯ ಸಂಘಕ್ಕೆ ಅವನೇ ಅಧ್ಯಕ್ಷ. ಉಪ್ಪಿನ ಫೋಟೋ ತೆಗೆದು ಎಲ್ಲರಿಗೂ ಇಮೇಲ್ ಮಾಡಿದ. ಎಂಟು ಜನ ಹೊಗಳಿ ಉತ್ತರ ಬರೆದರು. ಇಪ್ಪತ್ತು ವರ್ಷಗಳಲ್ಲಿ ಅವಳ ಸಾರನ್ನು ಹೊಗಳಿ ಒಂದು ಇಮೇಲೂ ಬಂದಿಲ್ಲ.

ಮಗಳು ಓದಲು ಷಾರ್ಲೆಟ್‌ಗೆ ಹೋದ ಮೇಲೆ ಶೈಲಜಾ ಮನೆಯ ಹಿಂದಿನ ತೊರೆಯ ನೀರು ಪರೀಕ್ಷಿಸುವ ಸ್ವಯಂಸೇವಕಿಯಾಗಿದ್ದಳು. ಕಾಗದದ ಪಟ್ಟಿಯೊಂದನ್ನು ನೀರಿನಲ್ಲಿ ನಿಲ್ಲಿಸಿದರೆ, ಉಪ್ಪು ಎಷ್ಟಿದೆಯೋ ಅಷ್ಟೆತ್ತರಕ್ಕೆ ಬಿಳುಪು ಏರುತ್ತದೆ. ಆ ಅಂಕಿಯನ್ನು ಆ್ಯಪ್‌ಗೆ ಹಾಕಿದರೆ ಎಲ್ಲರೂ ನೋಡುವ ನಕ್ಷೆಯಲ್ಲೊಂದು ಚುಕ್ಕೆ ಮೂಡುತ್ತದೆ. ರಸ್ತೆಯ ಉಪ್ಪು ಕರಗಿ, ಮೋರಿ ಹಿಡಿದು, ನೇರ ತೊರೆಗೆ ಸೇರುತ್ತದೆ. ಸೇರಿದ್ದನ್ನು ಸೋಸಿ ತೆಗೆಯಲಾಗದು; ಮೀನು, ಕಪ್ಪೆಗಳು ಅದನ್ನು ತಾಳಲಾರವು. ಎರಡು ಚಳಿಗಾಲದ ಅವಳ ಚುಕ್ಕೆಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಮನೆಯವರಿಗಾಗಿಯಲ್ಲದೆ ಅವಳು ಮಾಡುತ್ತಿದ್ದ ಕೆಲಸ ಅದೊಂದೇ.

ಅಂದು ಸಾರು ಕುದಿಯುತ್ತಿದ್ದಾಗ ಅವಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂತು. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ. ಬಟ್ಟಲಿಗೆ ಒಂದಿಷ್ಟು ಬಗ್ಗಿಸಿಕೊಂಡು ಅದರಲ್ಲಿ ಪಟ್ಟಿ ನಿಲ್ಲಿಸಿಯೇ ಬಿಟ್ಟಳು. ಹಿಂದೆ ಅತ್ತೆ ನಿಂತಿದ್ದರು. ಶೈಲಜಾ ಬಟ್ಟಲಿಗೆ ಕೈ ಅಡ್ಡ ಹಿಡಿದಳು.

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದಕ್ಕೆ ನಾಲಿಗೆ ಇಲ್ಲ ತಾನೆ? ಹಾಗಾದ್ರೆ ಎಂಜಲಾಗಲ್ಲ ಬಿಡು."

ಪಟ್ಟಿ ತುದಿಯವರೆಗೂ ಬೆಳ್ಳಗಾಯಿತು. ಉಪ್ಪಂತೂ ಬಿದ್ದಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಇದು ಐವತ್ತು ವರ್ಷದ ಹಿಂದೆ ಸಿಕ್ಕಿದ್ದರೆ ತಮ್ಮತ್ತೆಯ ಎಷ್ಟು ಬೈಗುಳ ತಪ್ಪುತ್ತಿತ್ತೆಂದು ಹೇಳುತ್ತಾ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅದೇ ಖುಷಿಯಲ್ಲಿ, ಸೀರೆಯ ಮೇಲೆ ಗಂಡನ ಜಾಕೆಟ್ ಏರಿಸಿಕೊಂಡು, ಶೈಲಜಾ ತೊರೆಗೆ ಓಡಿದಳು. ಆಗಷ್ಟೇ ಬೆಳಗಾಗಿತ್ತು. ಎರಡು ದಿನದ ಬಿಸಿಲಿಗೆ ಹಿಮವೆಲ್ಲ ಕರಗಿ, ಅವರ ರಸ್ತೆಯ ಮೋರಿಯ ಕೊಳವೆಯಿಂದ ನೀರು ತೊರೆಗೆ ಧುಮುಕುತ್ತಿತ್ತು. ಅಲ್ಲಿ ನಿಲ್ಲಿಸಿದ ಪಟ್ಟಿಯೂ ತುದಿಯವರೆಗೆ ಬೆಳ್ಳಗಾಯಿತು. ತೊರೆಯೂ ಸಾರಾಗಿದೆ, ಒಗ್ಗರಣೆಯೊಂದು ಬಾಕಿ ಎಂದುಕೊಂಡು ಒಬ್ಬಳೇ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಆ ಕೊಳವೆಗೆ ಬರುವುದು ಅವರ ಬೀದಿಯ ನೀರು ಮಾತ್ರ.

ಮನೆಯಲ್ಲಿ ಪಟ್ಟಿ ತೋರಿಸಿದಾಗ ಕೃಷ್ಣಪ್ರಸಾದನ ಮುಖ ಇಳಿಯಿತು. ಪೂಜೆಗೆ ಬರುವವರೆಲ್ಲ ಇದೇ ಬೀದಿಯವರು, ನಾಳೆಯೇ ಸಂಘದ ಚುನಾವಣೆ.

"ತೊರೆ ಸೇತುವೆಯಿಂದ ಮೇಲ್ಗಡೆ, ನಮ್ಮ ಮೋರಿ ಸೇರೋಕ್ಕೆ ಮುಂಚೆ, ಇನ್ನೊಂದ್ಸಲ ಅದ್ದು ಶೈಲಾ. ಅಲ್ಲಿ ನೀರು ಕ್ಲೀನಾಗಿರತ್ತೆ. ಆ ರೀಡಿಂಗ್ ಅಪ್‌ಲೋಡ್ ಮಾಡು. ಮನೆ ವಿಷ್ಯ ಮನೇಲೇ ಇರ್ಲಿ."

"ತೊರೆ ನಮ್ಮನೆ ಒಳಗೆ ಹರಿಯಲ್ಲ ಕಣ್ರೀ."

"ನಿನಗೋಸ್ಕರ ತಾನೆ ಅಷ್ಟು ಉಪ್ಪು ಹಾಕಿದ್ದು? ಬೆನ್ನು ಹಿಡ್ಕೊಂಡಿದೆ ನಂಗೆ."

ಅತ್ತೆ ಕರಿಬೇವು ಬಿಡಿಸುತ್ತಲೇ, ನಾಲ್ಕು ಚೀಲ ಹೊತ್ತ ಬೆನ್ನಿಗೆ ಇಪ್ಪತ್ತೆರಡು ಲೋಟ ಕಾಫಿ ಭಾರವಾಗದು ಎಂದರು. ಶೈಲಜಾ ಡಿಕಾಕ್ಷನ್ ಪಾತ್ರೆಯನ್ನು ಗಂಡನ ಕೈಗಿತ್ತು ಮತ್ತೆ ಹೊರಗೆ ಹೋದಳು.

ಸೇತುವೆಯ ಹತ್ತಿರ ನಿಂತಳು. ಮೇಲುಗಡೆ ನೀರು ತಿಳಿಯಾಗಿತ್ತು, ದಡ ಹತ್ತೇ ಹೆಜ್ಜೆ. ಹಿಂಬಾಲಿಸಿ ಬಂದವರು ಯಾರೂ ಇರಲಿಲ್ಲ. ಅವಳು ಕೆಳಗಿನ ಕೊಳವೆಯತ್ತ ನಡೆದಳು. ಜಾರಿ ಮಂಡಿಯವರೆಗೆ ಕೆಸರಾದಾಗ ಚಿಕ್ಕ ಹುಡುಗಿಯಂತೆ ಕಿಸಕ್ಕನೆ ನಕ್ಕಳು. ಇನ್ನೊಂದು ಪಟ್ಟಿ ನಿಲ್ಲಿಸಿ, ಕಾದು, ಫೋಟೋ ತೆಗೆದಳು. ಉಪ್ಪು ಎಲ್ಲಿಂದ ಬಂದಿರಬಹುದು ಎಂದು ಆ್ಯಪ್ ಕೇಳಿತು. ಕಡ್ಡಾಯವಲ್ಲ, ಖಾಲಿ ಬಿಡಬಹುದಿತ್ತು. ತನ್ನ ಬೀದಿಯ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಬರೆದು, ಕಳುಹಿಸಿದಳು.