ಅನ್ನ ಬಿಡಬೇಡ ಅಂದ ಪಿಟಿ ಮೇಡಂ

ವಿಷಲ್‌ನ ದಾರ ವರ್ಷಗಟ್ಟಲೆ ಉಜ್ಜಿ ಅವರ ಕತ್ತಿನ ಹಿಂಭಾಗದಲ್ಲಿ ಒಂದು ಕಪ್ಪು ಗೆರೆ ಬಿದ್ದಿತ್ತು. ತುರುಬು ಎತ್ತಿ ಕಟ್ಟಿದ ದಿನ ಅದು ಎದ್ದು ಕಾಣುತ್ತಿತ್ತು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಬಾಣಾವರದ ಹೈಸ್ಕೂಲಿಗೆ ನಾನು ಕನ್ನಡ ಟೀಚರಾಗಿ ಹೋದಾಗ ಅವರು ಅಲ್ಲಿ ಪಿಟಿ ಮೇಡಂ. ದಿನಾ ಹಳೇಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹೆಣ್ಣುಮಕ್ಕಳಿಗೆ ಅವರನ್ನು ಕಂಡರೆ ಹೆದರಿಕೆ, ಆದರೆ ಹೊಟ್ಟೆನೋವು ಬಂದರೆ ಓಡುತ್ತಿದ್ದುದು ಅವರ ಹತ್ತಿರವೇ.

ಶಾಲೆ ಬಿಟ್ಟ ಮೇಲೆ ನಮ್ಮಂಥ ಟೀಚರುಗಳನ್ನೂ ಊರಿನ ಕೆಲವು ಹೆಂಗಸರನ್ನೂ ಸೇರಿಸಿಕೊಂಡು ಮೈದಾನದಲ್ಲಿ ವ್ಯಾಯಾಮ ಮಾಡಿಸುತ್ತಿದ್ದರು. ಶುರು ಮಾಡುವ ಮುಂಚೆ ಒಬ್ಬೊಬ್ಬರನ್ನೂ ನಿಲ್ಲಿಸಿ, "ಮಧ್ಯಾಹ್ನ ಏನು ಉಂಡೆ?" ಎಂದು ಕೇಳುವರು. ಇದೇನು ಮೇಡಂ, ಅತ್ತೆ ಮನೆಯವರ ಥರ, ಎಂದು ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಎರಡನೇ ಹೆರಿಗೆಯ ನಂತರ ನನ್ನ ಮೈ ವಿಪರೀತ ಬಂದಿತ್ತು. ನಮ್ಮಮ್ಮ ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು ತೀರಿಕೊಂಡವರು. ನನ್ನ ಸಕ್ಕರೆಯೂ ಗಡಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೇಳಿದ್ದೇ ತಡ, ಹೆದರಿಹೋದೆ. ಮೊಬೈಲಿನಲ್ಲಿ ನೋಡಿದ ವಿಡಿಯೋಗಳೆಲ್ಲ ಕಾರ್ಬೋಹೈಡ್ರೇಟೇ ಶತ್ರು ಎನ್ನುತ್ತಿದ್ದವು. ಅನ್ನ ಬಿಟ್ಟೆ, ಮುದ್ದೆ ಬಿಟ್ಟೆ, ಕೊನೆಗೆ ಬಾಳೆಹಣ್ಣನ್ನೂ ಬಿಟ್ಟೆ. ಮೊಟ್ಟೆಯ ಬಿಳಿ, ಸೌತೆಕಾಯಿ, ಇಷ್ಟೇ. ತೂಕ ಸರಸರ ಇಳಿಯತೊಡಗಿತು. ಮೇಡಂ ಕೇಳಿದರೆ, "ಊಟ ಆಯ್ತು ಮೇಡಂ" ಅಂದು ಮುಂದೆ ಹೋಗುತ್ತಿದ್ದೆ.

ಒಂದು ಸಂಜೆ ಮೈದಾನದ ಸುತ್ತ ಓಡುತ್ತಿದ್ದಾಗ ಕಣ್ಣು ಕತ್ತಲೆ ಬಂದು ಕುಸಿದು ಕೂತೆ. ಮೈಯೆಲ್ಲ ತಣ್ಣನೆ ಬೆವರು. ಮೇಡಂ ಬೆಲ್ಲದ ನೀರು ಕುಡಿಸಿ, ಬಾಳೆಹಣ್ಣು ಸುಲಿದು ತಿನ್ನಿಸಿದರು. ನಾನು ಸುಧಾರಿಸಿಕೊಂಡ ಮೇಲೆ ಅದೇ ಪ್ರಶ್ನೆ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಓಡು ಅಂತ ಕಾಲಿಗೆ ಹೇಳ್ತೀಯ, ಓಡೋದಕ್ಕೆ ಏನೇ ಕೊಟ್ಟೆ ಅದಕ್ಕೆ?" ಅಂದರು. "ಬನ್ನು, ಬಿಸ್ಕತ್ತು, ಸಕ್ಕರೆ ಕಾಫಿ ಬಿಡು, ಒಳ್ಳೇದೇ. ರಾಗಿ ಏನು ಮಾಡಿತ್ತು ನಿಂಗೆ? ಎರಡೂ ಕಾರ್ಬೋಹೈಡ್ರೇಟೇ ಕಣೇ, ಆದ್ರೆ ಎರಡೂ ಒಂದೇ ಅಲ್ಲ. ಸಕ್ಕರೆ ತಿಂದ್ರೆ ರಕ್ತಕ್ಕೆ ಬೇಗ ಏರುತ್ತೆ. ಮುದ್ದೆ ಜೊತೆ ಕಾಳು, ಸೊಪ್ಪು ಇದ್ರೆ ನಿಧಾನಕ್ಕೆ ಅರಗುತ್ತೆ, ತುಂಬ ಹೊತ್ತು ಶಕ್ತಿ ಕೊಡುತ್ತೆ. ಮುದ್ದೆ ಸಣ್ಣದು ಮಾಡ್ಕೋ, ಕಾಳು ಜಾಸ್ತಿ ಹಾಕ್ಕೋ. ಬಿಡಬೇಡ." ಬಾಳೆಹಣ್ಣಿನ ಸಿಪ್ಪೆ ಎತ್ತಿಕೊಂಡು ಎದ್ದು, "ಭಾನುವಾರ ಮನೆಗೆ ಬಾ" ಅಂದರು.

ಹೋದೆ. ಹಳೇಬೀಡಿನ ಕೆರೆ ಕಡೆಯ ಬೀದಿಯಲ್ಲಿ ಸಣ್ಣ ಮನೆ. ಯಜಮಾನರು ತೆಂಗಿನ ತೋಟ ನೋಡಿಕೊಂಡಿದ್ದವರು, ಮಾತು ಕಡಿಮೆ. ಹಜಾರದ ಗೋಡೆಯ ಮೇಲೆ ಎದೆಗೆ ನಂಬರ್ ಅಂಟಿಸಿಕೊಂಡು ನಿಂತ ಒಬ್ಬ ಹುಡುಗಿಯ ಫೋಟೋ, ಅದಕ್ಕೆ ಗಂಧದ ಹಾರ. ಅವರಿಗೆ ಒಬ್ಬಳೇ ಮಗಳಿದ್ದಳು, ತೀರಿಹೋದಳು ಎಂದಷ್ಟೇ ಶಾಲೆಯಲ್ಲಿ ಕೇಳಿದ್ದೆ. ಹೇಗೆ ಎಂದು ಯಾರೂ ಹೇಳಿರಲಿಲ್ಲ.

ಪುಟ್ಟ ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ ಬಡಿಸಿದರು. ಊಟವಾದ ಮೇಲೆ ಫೋಟೋ ಕಡೆ ತಿರುಗಿದರು.

"ಚೆನ್ನಾಗಿ ಓಡ್ತಿದ್ಲು. ಜಿಲ್ಲೆಗೇ ಮೊದಲು ಬಂದ್ಲು. ಸ್ವಲ್ಪ ತೂಕ ಇಳಿಸಿದ್ರೆ ರಾಜ್ಯಮಟ್ಟಕ್ಕೂ ಹೋಗ್ತೀಯ, ಅನ್ನ ಬಿಡು ಅಂದೆ. ಹೇಳಿದ್ದು ನಾನೇ ಕಣೇ, ಬೇರೆ ಯಾರೂ ಅಲ್ಲ."

ಮಗಳು ಅನ್ನ ಬಿಟ್ಟಳು. ಮೊದಲು ಇನ್ನೂ ಜೋರಾಗಿ ಓಡಿದಳು, ತಾಯಿ ಹಿಗ್ಗಿದರು. ಆಮೇಲೆ ಮುದ್ದೆ ಬಿಟ್ಟಳು, ಹಾಲು ಬಿಟ್ಟಳು. ಮುಟ್ಟು ನಿಂತಿತು, ಅದನ್ನು ಹೇಳಲಿಲ್ಲ. ಕೂದಲು ಉದುರಿತು. ಓಟ ನಿಧಾನವಾದಾಗ ಅಭ್ಯಾಸ ಸಾಲದು ಎಂದು ಮೇಡಂ ಇನ್ನಷ್ಟು ಓಡಿಸಿದರು. ಅವರಿಗೆ ಗೊತ್ತಾಗುವ ಹೊತ್ತಿಗೆ ಮಗಳಿಗೆ ತಟ್ಟೆ ಕಂಡರೇ ಭಯ. ಹಾಸನ, ಮೈಸೂರು ಎಂದು ಆಸ್ಪತ್ರೆಗಳಿಗೆ ಅಲೆದರು.

"ಉಣ್ಣು ಮಗಳೇ ಅಂತ ಕಾಲು ಹಿಡ್ಕೊಂಡೆ. 'ಅಮ್ಮ, ನೀನೇ ಹೇಳಿದ್ಯಲ್ಲ' ಅಂದ್ಲು. ಸಿಟ್ಟಿಂದ ಅಲ್ಲ, ನಂಗೆ ಮರೆತುಹೋಗಿದೆ ಅನ್ನೋ ಹಾಗೆ."

ಪಿಯುಸಿ ಓದುತ್ತಿದ್ದಾಗ, ಒಂದು ಬೆಳಿಗ್ಗೆ ಜಗಲಿಯ ಮೇಲೆ ಶೂ ದಾರ ಕಟ್ಟುತ್ತಿದ್ದವಳು ಹಾಗೇ ಮುಂದಕ್ಕೆ ಬಾಗಿ ಬಿದ್ದಳಂತೆ. ಹೃದಯ ನಿಂತುಹೋಗಿತ್ತು.

ನಾನು ಮತ್ತೆ ಮುದ್ದೆ ಉಣ್ಣತೊಡಗಿದೆ. ತೂಕ ನಿಧಾನವಾಗಿ ಇಳಿಯಿತು. ಸಕ್ಕರೆ ಇವತ್ತಿಗೂ ಹದ್ದು ಮೀರಿಲ್ಲ. ಪ್ರಾರ್ಥನೆಗೆ ನಿಂತಾಗ ತಲೆಸುತ್ತಿ ಬಿದ್ದ ಹುಡುಗಿಯರ ಮನೆಗಳಿಗೆಲ್ಲ ಮೇಡಂ ಹೋಗಿ ಬಾಗಿಲು ತಟ್ಟಿ ಊಟದ ವಿಷಯ ವಿಚಾರಿಸುವುದನ್ನು ನೋಡಿದಾಗ ಮೊದಲಿನ ಹಾಗೆ ನಗು ಬರುತ್ತಿರಲಿಲ್ಲ.

ಕಳೆದ ವರ್ಷ, ನಿವೃತ್ತಿಗೆ ಇನ್ನೇನು ಬಂದರು ಅನ್ನುವಾಗ, ಶಾಲೆಗೆ ಬರುವ ಬಸ್ಸಿನಲ್ಲೇ ಎದೆನೋವು ಬಂದು ತೀರಿಕೊಂಡರು. ನನಗೆ ಆಗ ಅರಸೀಕೆರೆಗೆ ವರ್ಗವಾಗಿತ್ತು; ಅಲ್ಲಿಂದ ನಾನು ತಲುಪುವಷ್ಟರಲ್ಲಿ ದೇಹವನ್ನು ಮನೆಗೆ ತಂದಿದ್ದರು. ಮಣ್ಣು ಮುಗಿಸಿ ಬಂದ ಮೇಲೆ ಪಕ್ಕದ ಮನೆಯವರು ಅನ್ನ ಸಾರು ಮಾಡಿ ತಂದರು. ಯಜಮಾನರು ಬೆಳಗಿನಿಂದ ಏನೂ ಮುಟ್ಟಿರಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಿ, "ಸ್ವಲ್ಪ ಉಣ್ಣಿ ಅಣ್ಣ" ಅಂದೆ.

ಅವರು ತಟ್ಟೆಯನ್ನು ನೋಡಲಿಲ್ಲ. "ಒಂದು ಮಾತು ಕೇಳೋಳು ಕಣಮ್ಮ ಅವ್ಳು. ಆಗಾಗ ಕೇಳೋಳು. 'ನಾನು ಹಂಗೆ ಅನ್ನದೇ ಇದ್ದಿದ್ರೆ ಮಗು ಉಳೀತಿತ್ತಾ?' ಅಂತ. ನಾನು ಎದ್ದು ತೋಟಕ್ಕೆ ಹೋಗ್ಬುಡ್ತಿದ್ದೆ. ನಿಂದೇನೂ ತಪ್ಪಿಲ್ಲ ಬಿಡು ಅಂತ ಒಂದ್ಸಲನೂ ಅನ್ನಲಿಲ್ಲ. ಬಾಯಿಗೇ ಬರಲಿಲ್ಲ ಕಣಮ್ಮ."

ಅನ್ನಕ್ಕೆ ಇನ್ನಷ್ಟು ಸಾರು ಹಾಕಿ, ಮೆತ್ತಗೆ ಕಲಸಿ, ತಟ್ಟೆಯನ್ನು ಅವರ ಕೈಗಿಟ್ಟೆ. ಬಹಳ ಹೊತ್ತಿನ ಮೇಲೆ ಒಂದು ತುತ್ತು ಎತ್ತಿದರು. ತಟ್ಟೆ ಖಾಲಿಯಾಗುವ ತನಕ ನಾನು ಅಲ್ಲಿಂದ ಏಳಲಿಲ್ಲ.