ಬ್ಯಾಟರಿ ಇಲ್ಲದ ಹಾರ್ನ್

ಮೊದಲು ಗಂಟಲು ಸರಿಮಾಡಿಕೊಂಡಂತೆ ಒಂದು ‘ಖರ್ರ್’, ಆಮೇಲೆ ಉದ್ದಕ್ಕೆ ‘ಪೀಂ’. ನಮ್ಮ ಪಪ್ಪನ ಮೋಟರ್‌ಸೈಕಲ್ಲಿನ ಹಾರ್ನ್ ಹಾಗೆ ಕೂಗುತ್ತಿತ್ತು. ದೆವ್ವ-ಗಿವ್ವ ನಂಬಿದವಳಲ್ಲ ನಾನು. ಕಾನ್ವೆಂಟಿನಲ್ಲಿ ಕಲಿತ ನನಗೆ ‘ಗೋಸ್ಟ್’ ಎಂದರೆ ಸ್ಪೆಲಿಂಗ್ ಟೆಸ್ಟಿನ ಒಂದು ಶಬ್ದ. ಅದರಲ್ಲಿ ‘ಎಚ್’ ಸೈಲೆಂಟ್, ಅಷ್ಟೇ.

ಪಪ್ಪ ತೀರಿಕೊಂಡ ಮೇಲೆ ಗಾಡಿ ಬ್ಯಾಡಗಿಯಿಂದ ಹಾವೇರಿಯ ನಮ್ಮ ಮನೆಗೆ ಬಂತು. ಮನೆಗೊಂದು ಮೊಬೈಲ್ ಬಂದ ಹೊಸತು ಅದು, ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಎಷ್ಟು ಚಾರ್ಜ್ ಮಾಡಿಸಿದರೂ ಬ್ಯಾಟರಿ ಮೂರನೇ ದಿನಕ್ಕೆ ಡೌನ್. ಬೇಸತ್ತ ನಮ್ಮ ಯಜಮಾನರು, ಶನಿವಾರದೊಳಗೆ ರಿಪೇರಿಯಾಗದಿದ್ದರೆ ಗುಜರಿಗೆ ಎಂದುಬಿಟ್ಟರು. ಪಪ್ಪನದು ಅಂತ ನನಗೆ ಉಳಿದದ್ದು ಅದೊಂದೇ. ಬ್ಯಾಟರಿಯನ್ನು ಹಾವೇರಿಯಲ್ಲೇ ಚಾರ್ಜಿಗೆ ಕೊಟ್ಟು, ಗಾಡಿಯನ್ನು ಟೆಂಪೋದಲ್ಲಿ ಬ್ಯಾಡಗಿಗೆ, ಪಪ್ಪನ ಕಾಲದ ಮೆಕ್ಯಾನಿಕ್ ದಸ್ತಗೀರಸಾಬರಿಗೆ ಕಳಿಸಿದೆ.

ಶನಿವಾರ ಬೆಳಿಗ್ಗೆ ಅವರ ಫೋನ್: “ಅಕ್ಕಾರ, ಬರೂ ಮುಂದ ಬ್ಯಾಟ್ರಿ ಮರೀಬ್ಯಾಡ್ರಿ.”

ನಮ್ಮ ಕಡೆ ಟಾರ್ಚಿಗೂ ಬ್ಯಾಟ್ರಿ ಅಂತಾರೆ. ಪಾಪ, ಅಂಗಡಿಯಲ್ಲಿ ಕರೆಂಟ್ ಇಲ್ಲವೇನೋ ಎಂದು ಟಾರ್ಚಿಗೆ ಹೊಸ ಸೆಲ್ ಹಾಕಿಕೊಂಡು ಬಸ್ ಹತ್ತಿದೆ.

ದಸ್ತಗೀರಸಾಬರು ಟಾರ್ಚನ್ನು ಬಹಳ ಹೊತ್ತು ನೋಡಿದರು. “ಇದನ್ನ ಹಾಕಿದ್ರ ಗಾಡಿಗೆ ಹಾದಿ ಕಾಣತೈತ್ರಿ ಅಕ್ಕಾರ, ಓಡೂದಿಲ್ಲ.”

ಬ್ಯಾಟರಿಗೆ ಚಾರ್ಜಿಂಗೇ ಬರುತ್ತಿರಲಿಲ್ಲವಂತೆ, ಎಂಜಿನ್ನಿನ ಕರೆಂಟನ್ನು ಬ್ಯಾಟರಿಗೆ ದಾಟಿಸುವ ರೆಕ್ಟಿಫೈಯರ್ ಸುಟ್ಟಿತ್ತಂತೆ. ಹೊಸದು ಹಾಕಿದ್ದರು. ಆದರೆ ಪರೀಕ್ಷೆ ಮಾಡಲು ಬ್ಯಾಟರಿ ಬೇಕಲ್ಲ? ಅಷ್ಟರಲ್ಲಿ ಯಜಮಾನರು ರಾಣೆಬೆನ್ನೂರಿನಿಂದ ಗುಜರಿಯವನನ್ನು ಕರೆದುಕೊಂಡೇ ಬಂದರು. ಬ್ಯಾಟರಿ ಇಡುವ ಜಾಗ ಖಾಲಿ, ಎರಡು ವೈರು ಜೋತುಬಿದ್ದಿದ್ದವು, ಕೀಲಿ ದಸ್ತಗೀರಸಾಬರ ಜೇಬಿನಲ್ಲಿತ್ತು. ಗುಜರಿಯವನು ಹ್ಯಾಂಡಲ್ ಹಿಡಿದು, ತಮಾಷೆಗೆ ಹಾರ್ನ್ ಒತ್ತಿದ.

ಖರ್ರ್. ಪೀಂ.

ಬೀದಿಯಲ್ಲಿ ಮೆಣಸಿನಕಾಯಿ ಘಾಟಿಗೆ ಸೀನುತ್ತಿದ್ದವರೂ ಅರ್ಧಕ್ಕೇ ನಿಲ್ಲಿಸಿದಂತೆ ನನಗನಿಸಿತು. ಯಜಮಾನರು ಇನ್ನೊಮ್ಮೆ ಒತ್ತಲು ಹೇಳಿದರು.

“ನೀವ ಒತ್ರಿ ಸರ್, ನನಗ ಸಣ್ಣ ಸಣ್ಣ ಮಕ್ಕಳು ಅದಾವ,” ಎಂದವನೇ ಆತ ಹೊರಟುಹೋದ.

ಯಜಮಾನರು ಒತ್ತಿದರು. ಮತ್ತೆ ಪೀಂ. ಆಮೇಲೆ ಇಬ್ಬರೂ ಹಾವೇರಿ ಬಸ್ ಹತ್ತಿದೆವು. ಬಸ್ಸಿಳಿಯುವಾಗ, “ಇರಲಿ ಬಿಡು ಗಾಡಿ. ನಿಮ್ಮಪ್ಪಗ ಮನಸ್ಸಿಲ್ಲ,” ಎಂದರು.

ಸೋಮವಾರ ನಾನು ಒಯ್ದುಕೊಟ್ಟ ಬ್ಯಾಟರಿಯನ್ನು ದಸ್ತಗೀರಸಾಬರು ಕೂಡಿಸಿದಾಗ ಚಾರ್ಜಿಂಗ್ ಫಸ್ಟ್‌ಕ್ಲಾಸ್. ಎಕ್ಸಲರೇಟರ್ ತಿರುವಿದಂತೆ ಲೈಟು ಝಗ್ಗೆನ್ನುತ್ತಿತ್ತು. ಹಾರ್ನ್ ಮಾತ್ರ ಕೂಗಲಿಲ್ಲ. ಬಿಚ್ಚಿ ನೋಡಿದರೆ ಅದರ ವೈರು ಎಂದೋ ಕಡಿದು, ತುದಿ ಹಸಿರುಗಟ್ಟಿತ್ತು. ಇಂಡಕ್ಷನ್, ಸ್ಟ್ಯಾಟಿಕ್ ಎಂದು ನನಗೆ ನಾನೇ ಲೆಕ್ಚರ್ ಕೊಟ್ಟುಕೊಂಡೆ, ಒಂದೂ ಹೊಂದಲಿಲ್ಲ. ಕೊನೆಗೆ, ನನ್ನ ಮೇಲಿನ ಕನಿಕರಕ್ಕೆ ದಸ್ತಗೀರಸಾಬರೇ ಏನೋ ಟ್ರಿಕ್ ಮಾಡಿರಬೇಕು ಎಂದುಕೊಂಡು ಸುಮ್ಮನಾದೆ.

ಎಷ್ಟೋ ವರ್ಷದ ಮೇಲೆ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ಹೊರಟು ನಿಂತ ಬಸ್ಸಿನ ಕಿಟಕಿ ಪಕ್ಕ ಕೂತಿದ್ದರು, ಗಡ್ಡವೆಲ್ಲ ಬೆಳ್ಳಗಾಗಿತ್ತು. ಕೆಳಗೆ ನಿಂತೇ ಕೇಳಿದೆ: “ಖರೇ ಹೇಳ್ರಿ, ಅವತ್ತ ಹಾರ್ನಿಗೆ ಏನ್ ಮಾಡಿದ್ರಿ?”

“ನಾನರೀ?” ಎಂದರು. “ಇಷ್ಟ ವರ್ಷ ನೀವ ಏನೋ ಮಾಡೀರಿ ಅಂತ ತಿಳಕೊಂಡಿದ್ನೆಲ್ರೀ ಅಕ್ಕಾರ.”

ಬಸ್ಸು ಬಿಟ್ಟಿತು. ಕಿಟಕಿಯಿಂದ ತಲೆ ಹೊರಹಾಕಿ, ತಿರುವಿನವರೆಗೂ ಅವರು ನನ್ನನ್ನೇ ನೋಡುತ್ತಿದ್ದರು. ಮತ್ತೆ ಅವರನ್ನು ನಾನು ಕಾಣಲಿಲ್ಲ.