ಕಡೆಯ ಪುಟ ಮೊದಲು ಓದುತ್ತಿದ್ದ ಅಕ್ಕ

ಮೊನ್ನೆ ಸಾಲಿಗ್ರಾಮದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕೈಗೆ ಯಕ್ಷಗಾನದ ಕರಪತ್ರ ತುರುಕಿ ಹೋದರು. ಆ ಅಗ್ಗದ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಲೈಬ್ರರಿ ಅಕ್ಕ ನೆನಪಾದರು...

ನಾನು ಪಿಯುಸಿ ಓದುವಾಗ ಕುಂದಾಪುರದಲ್ಲಿ ಬಾಡಿಗೆಗೆ ಕಾದಂಬರಿ ಕೊಡುವ ಪುಟ್ಟ ಅಂಗಡಿ ಅವರದು. ಪುಸ್ತಕಗಳಿಗೆಲ್ಲ ಯಕ್ಷಗಾನದ ಹಳೆಯ ಕರಪತ್ರದ್ದೇ ಬೈಂಡು. ನಾನು ಏನೇ ಓದಿದರೂ ಹೊರಗೆ ಮಹಿಷಾಸುರ ಕಣ್ಣು ಬಿಡುತ್ತಿದ್ದ. ಮಗಳು ಯಕ್ಷಗಾನದ ಪ್ರಸಂಗ ಓದುತ್ತಾಳೆ, ದೇವರು ಒಳ್ಳೆಯ ಬುದ್ಧಿ ಕೊಟ್ಟ ಎಂದು ಅಮ್ಮ ನೆರೆಮನೆಗೆಲ್ಲ ಹೇಳಿಕೊಂಡು ಬಂದಿದ್ದಳು. ಮಹಿಷಾಸುರನ ಬೆನ್ನ ಹಿಂದೆ ಯಾರ್ಯಾರ ಪ್ರೇಮ ನಡೆಯುತ್ತಿತ್ತೋ, ಪಾಪ, ಅವಳಿಗೇನು ಗೊತ್ತು!

ಆಗಲೇ ನನಗೆ ತ್ರಾಸಿಯಿಂದ ಕಾಲೇಜಿಗೆ ಬರುತ್ತಿದ್ದ ಗೆಳತಿಯ ಮೇಲೆ ಮನಸ್ಸಾದದ್ದು. ಬರೀ ಸ್ನೇಹವಲ್ಲ, ಅದಕ್ಕಿಂತ ಹೆಚ್ಚಿನದು... ಹೇಳಿದರೆ ಅವಳು ಬಿಟ್ಟುಹೋಗುತ್ತಾಳೆ ಎಂಬ ಹೆದರಿಕೆಗೆ ನಿದ್ದೆ ಹಾರಿಹೋಯಿತು, ಅನ್ನ ಸೇರಲಿಲ್ಲ, ಬಸ್ಸಿನಲ್ಲಿ ಕೂತರೆ ಎದೆ ಢವಢವ. ಅಮ್ಮ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ನನ್ನಂಥ ಹುಡುಗಿ ಇರುವ ಕಾದಂಬರಿಗಳನ್ನು ಹುಡುಕಿ ಹುಡುಕಿ ಓದಿದೆ. ಎಲ್ಲದರಲ್ಲೂ ಅವಳು ಕಡೆಗೆ ಸಾಯುತ್ತಿದ್ದಳು. ನನ್ನ ಗತಿಯೂ ಅದೇ ಎಂದುಕೊಳ್ಳತೊಡಗಿದ್ದೆ.

ಅಕ್ಕನಿಗೆ ಅದು ಹೇಗೆ ತಿಳಿಯಿತೋ. ನಾನು ಯಾವ ಪುಸ್ತಕ ಕೇಳಿದರೂ ಮೊದಲು ಕಡೆಯ ಪುಟ ತೆರೆದು ಓದುವರು. ಹುಡುಗಿ ಸತ್ತಿದ್ದರೆ ಸ್ಟೂಲು ಹತ್ತಿ ಮೇಲಿನ ಹಲಗೆಗೆ ಏರಿಸಿಬಿಡುವರು. ಜಗಳವಾಡಿದರೂ ಕೊಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಯಾವುದೋ ಅನುವಾದದ ಕಾದಂಬರಿ ತಂದು ಮುಂದಿಟ್ಟರು. ಇಬ್ಬರು ಶಾಲಾ ಹುಡುಗಿಯರ ಪ್ರೀತಿಯ ಕಥೆ. ಒಬ್ಬಳು ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವಳು.

"ಇದನ್ನ್ ಓದ್ ಮಗಾ. ಇದ್ರಲ್ಲಿ ಹುಡ್ಗಿ ಸಾಯುದಿಲ್ಲ."

ಅಷ್ಟೇ ಸಾಕಾಯಿತು. ಅಲ್ಲೇ ಕೂತು ಗೊಳೋ ಎಂದು ಅತ್ತು, ಎಲ್ಲ ಹೇಳಿಬಿಟ್ಟೆ. ಅಕ್ಕ ನೀರು ಕೊಟ್ಟರು.

"ಅವ್ಳ್ ಇಷ್ಟ ಆಪ್ದಕ್ಕೆ ಮದ್ದ್ ಬ್ಯಾಡ. ನಿದ್ರಿ ಬಾರ್ದ್ ಇಪ್ದಕ್ಕೆ ಮದ್ದ್ ಕೇಂಬ. ನಾನೂ ಬತ್ತೆ."

ಪ್ರೀತಿಗೆ ಮದ್ದು ಬೇಡ, ನಿದ್ದೆಗಷ್ಟೇ ಕೇಳೋಣ ಎಂದವರೇ, ವ್ಯಾಪಾರದ ಹೊತ್ತಿನಲ್ಲೇ ಶಟರ್ ಎಳೆದು ಡಾಕ್ಟರ ಬಳಿ ಕರೆದೊಯ್ದರು. ಅಬ್ಬ, ಹೋದ ಜೀವ ಬಂದಂತಾಯಿತು ನನಗೆ.

ಮೆಲ್ಲನೆ ನಿದ್ದೆ ಬಂತು. ಮುಂದೊಂದು ದಿನ ತ್ರಾಸಿಯ ಕಡಲ ದಂಡೆಯಲ್ಲಿ ಕೂತು ಗೆಳತಿಗೆ ಹೇಳಿಯೂ ಬಿಟ್ಟೆ. ಅವಳ ಮನಸ್ಸು ಹಾಗಿರಲಿಲ್ಲ. ಹಾಗೆಂದು ನನ್ನನ್ನು ದೂರವೂ ಮಾಡಲಿಲ್ಲ. ಇವತ್ತಿಗೂ ಮೀನು ಸಾರು ಮಾಡಿದ ದಿನ ಫೋನು ಮಾಡುತ್ತಾಳೆ, ಹೋಗದಿದ್ದರೆ ಬೈಯುತ್ತಾಳೆ.

ಈಗ ನಾನೇ ಹದಿಹರೆಯದವರಿಗೆಂದು ಕಾದಂಬರಿ ಬರೆದಿದ್ದೇನೆ. ನಾಯಕಿ ಕಡೆಗೆ ಸತ್ತರೆ ಓದುವವರ ಮನಸ್ಸು ಕಲಕುತ್ತದೆ ಎಂದು ಪ್ರಕಾಶಕರು ಸಲಹೆ ಕೊಟ್ಟರು. ಸುತರಾಂ ಆಗದು ಎಂದೆ.

ಅಕ್ಕ ತೀರಿಕೊಂಡರು, ಲೈಬ್ರರಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಮೊನ್ನೆ ಮನೆಗೆ ಬಂದು, ಆ ಕರಪತ್ರವನ್ನೇ ನನ್ನ ಪುಸ್ತಕಕ್ಕೆ ಬೈಂಡು ಹಾಕಿದೆ. ಕೊಡೋಣವೆಂದರೆ ಅವರಿಲ್ಲ... ಕಡೆಯ ಪುಟ ತೆರೆದು ನಾನೇ ಗಟ್ಟಿಯಾಗಿ ಓದಿದೆ. ಹುಡುಗಿ ಗೆಳತಿಯ ಊರಲ್ಲಿ ಬಸ್ಸಿಳಿಯುತ್ತಾಳೆ, ಹಸಿವಾಗುತ್ತಿದೆ ಎನ್ನುತ್ತಾಳೆ.